ಪಿಕಲ್‌ಬಾಲ್ ಪ್ಯಾಡಲ್: ಗುಟ್ಟೆಲ್ಲ ಹೊಟ್ಟೆಯೊಳಗೆ

ಬೆಂಗಳೂರಿನಲ್ಲಿ ಈಗ ಒಂದರ ಹಿಂದೆ ಒಂದು ಪಿಕಲ್‌ಬಾಲ್ ಕೋರ್ಟ್ ತೆರೆಯುತ್ತಿದೆ. ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಲ್ಲಿ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ಆಚೆಗೆ ಹೊಡೆಯುವ ಆಟ ಇದು. ನಾಲ್ಕು ದಿನ ಬಾಡಿಗೆ ಪ್ಯಾಡಲ್‌ನಲ್ಲಿ ಆಡಿದವರು ಐದನೇ ದಿನ ಸ್ವಂತದ್ದು ಹುಡುಕಲು ಕೂರುತ್ತಾರೆ. ಆಗ ಶುರು ತಲೆನೋವು. 14 ಎಂಎಂ, 16 ಎಂಎಂ, ಟಿ700 ಕಾರ್ಬನ್, ಥರ್ಮೋಫಾರ್ಮ್ಡ್! ಈ ಒಂದೊಂದು ಪದದ ಹಿಂದೆಯೂ ಒಂದು ಕತೆ ಇದೆ. ಅದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

1965ರ ಬೇಸಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪ. ಜೋಯಲ್ ಪ್ರಿಚರ್ಡ್ ಮನೆಯಲ್ಲಿ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಆಡಲು ಬೇಕಾದ ಸಾಮಾನು ಸಿಗಲಿಲ್ಲ. ಅವರೂ ಗೆಳೆಯ ಬಿಲ್ ಬೆಲ್ಲೂ ಪಿಂಗ್‌ಪಾಂಗ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ಶುರುಮಾಡಿದರು. ಆ ಬ್ಯಾಟು ಸಾಲದಾಯಿತು. ಇನ್ನೊಬ್ಬ ಗೆಳೆಯ ಬಾರ್ನಿ ಮೆಕಲಮ್ ಪ್ಲೈವುಡ್ ಕೊಯ್ದು ದೊಡ್ಡ ಪ್ಯಾಡಲ್ ಮಾಡಿಕೊಟ್ಟರು. ಮುಂದೆ ಸುಮಾರು ಇಪ್ಪತ್ತು ವರ್ಷ ಪ್ಯಾಡಲ್ ಅಂದರೆ ಮರವೇ. ಗಟ್ಟಿಮುಟ್ಟು, ಅಗ್ಗ, ಆದರೆ ಭಾರ.

1984ರಲ್ಲಿ ಆರ್ಲೆನ್ ಪರಾಂಟೋ ಎಂಬ ಬೋಯಿಂಗ್ ಎಂಜಿನಿಯರ್ ಈ ಭಾರ ಇಳಿಸಿದರು. ವಿಮಾನದ ನೆಲಕ್ಕೆ ಹಾಸುವ ಹಲಗೆ ಹಗುರವಾಗಿಯೂ ಇರಬೇಕು, ತುಳಿದರೆ ಬಗ್ಗಲೂ ಬಾರದು. ಅದಕ್ಕೆ ಒಳಗೆ ನೋಮೆಕ್ಸ್ ಎಂಬ ಗಟ್ಟಿ ನಾರಿನ ಜೇನುಗೂಡಿನಂಥ ಹಾಳೆ, ಎರಡೂ ಕಡೆ ತೆಳ್ಳನೆಯ ಫೈಬರ್‌ಗ್ಲಾಸ್. ಪರಾಂಟೋ ಅದನ್ನೇ ಪ್ಯಾಡಲ್ ಆಕಾರಕ್ಕೆ ಕತ್ತರಿಸಿದರು. ಸುಮಾರು 1,000 ಪ್ಯಾಡಲ್ ಮಾಡಿ ಆಮೇಲೆ ಕಂಪನಿ ಮಾರಿದರು. ನನ್ನ ಮಟ್ಟಿಗೆ ಈ ಆಟದ ಅತಿ ದೊಡ್ಡ ತಿರುವು ಇದೇ. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಪ್ಯಾಡಲ್‌ಗಳ ಹೊಟ್ಟೆಯಲ್ಲೂ ಜೇನುಗೂಡೇ ಇದೆ. ನೋಮೆಕ್ಸ್ ಜಾಗಕ್ಕೆ ಪಾಲಿಪ್ರೊಪಿಲೀನ್ ಎಂಬ ಮೆತ್ತಗಿನ ಪ್ಲಾಸ್ಟಿಕ್ ಬಂದಿದೆ, ಅಷ್ಟೇ.

ಆ ಹೊಟ್ಟೆ ಯಾಕೆ ಇಷ್ಟು ಮುಖ್ಯ? ಟೆನಿಸ್ ರಾಕೆಟ್‌ನಲ್ಲಿ ತಂತಿ ಬಗ್ಗಿ ಚೆಂಡನ್ನು ಚಿಮ್ಮಿಸುತ್ತದೆ. ಇಲ್ಲಿ ತಂತಿ ಹಾಕುವ ಹಾಗಿಲ್ಲ, ಚೆಂಡೂ ಗಟ್ಟಿ. ಹಾಗಾಗಿ ಏಟು ನುಂಗುವುದೂ ವಾಪಸ್ ಕೊಡುವುದೂ ಹೊಟ್ಟೆಯ ಕೆಲಸ. ದಪ್ಪ ಇದ್ದರೆ, ಅಂದರೆ 16 ಎಂಎಂ, ಏಟು ಹೆಚ್ಚು ನುಂಗುತ್ತದೆ, ಚೆಂಡು ಹೇಳಿದ ಮಾತು ಕೇಳುತ್ತದೆ. ತೆಳ್ಳಗಿದ್ದರೆ ಚೆಂಡು ಬೇಗ ಚಿಮ್ಮುತ್ತದೆ.

ಮೇಲ್ಮೈ ಬದಲಾದದ್ದು ಆಮೇಲೆ. ಫೈಬರ್‌ಗ್ಲಾಸ್, ಗ್ರಾಫೈಟ್ ಆಗಿ, 2020ರ ನಂತರ ಬಣ್ಣ ಬಳಿಯದ ಒರಟು ಕಾರ್ಬನ್ ಬಂತು. ಟಿ700 ಅನ್ನುವುದು ಜಪಾನಿನ ಟೋರೆ ಕಂಪನಿಯ ಕಾರ್ಬನ್ ನಾರಿನ ಹೆಸರು. ಇದು ಚೆಂಡನ್ನು ಚೆನ್ನಾಗಿ ಕಚ್ಚಿ ಸ್ಪಿನ್ ಕೊಡುತ್ತದೆ. ಆದರೆ ದಿನಾ ಆಡಿದರೆ ಒರಟುತನ ಸವೆಯುತ್ತದೆ, ನೆನಪಿರಲಿ.

ಆಮೇಲೆ ಬಂತು ನಿಜವಾದ ಜಗಳ. ಅಚ್ಚಿನಲ್ಲಿಟ್ಟು ಬಿಸಿ ಮಾಡಿ ಒತ್ತಿ, ಅಂಚಿಗೆ ಫೋಮ್ ತುಂಬಿ, ಹಿಡಿಕೆ ಸಮೇತ ಒಂದೇ ತುಂಡಾಗಿ ಮಾಡುವುದೇ ಥರ್ಮೋಫಾರ್ಮಿಂಗ್. ಹೊಡೆತಕ್ಕೆ ಬಲ ಬಂತು. ಆದರೆ ಕೆಲವು ಪ್ಯಾಡಲ್‌ಗಳಲ್ಲಿ ಜೇನುಗೂಡು ಒಳಗೇ ಕುಸಿದು, ಮೇಲ್ಪದರ ಟ್ರ್ಯಾಂಪೊಲಿನ್ ಹಾಗೆ ಚಿಮ್ಮತೊಡಗಿತು. ನೆಟ್ ಹತ್ತಿರ ನಿಂತವರ ಮುಖಕ್ಕೆ ಅಂಥ ಚೆಂಡು ಬಂದರೆ ಏನು ಗತಿ? 2024ರ ಮೇ ತಿಂಗಳಲ್ಲಿ, ಅಮೆರಿಕದಲ್ಲಿ ಈ ಆಟದ ನಿಯಮ ನೋಡಿಕೊಳ್ಳುವ ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆ ಜೂಲಾ ಕಂಪನಿಯ ಜೆನ್ 3 ಪ್ಯಾಡಲ್‌ಗಳನ್ನು ಒಪ್ಪಿಗೆಯ ಪಟ್ಟಿಯಿಂದ ತೆಗೆಯಿತು. ಕಂಪನಿ ಮೊಕದ್ದಮೆ ಹೂಡಿತು. ಅದೇ ವರ್ಷ, ಚೆಂಡನ್ನು ಪ್ಯಾಡಲ್‌ಗೆ ಹಾರಿಸಿ ಅದು ಎಷ್ಟು ವೇಗದಲ್ಲಿ ಹಿಂದೆ ಬರುತ್ತದೆ ಎಂದು ಅಳೆಯುವ ಪರೀಕ್ಷೆಯನ್ನೂ ಸಂಸ್ಥೆ ತಂದಿತು. ತೂಕಕ್ಕೂ ದಪ್ಪಕ್ಕೂ ನಿಯಮದಲ್ಲಿ ಮಿತಿ ಇಲ್ಲ. ಉದ್ದ 17 ಇಂಚು ಮೀರಬಾರದು, ಉದ್ದ ಅಗಲ ಸೇರಿ 24 ಇಂಚು ದಾಟಬಾರದು.

ಈ 24 ಇಂಚಿನ ಲೆಕ್ಕದಿಂದಲೇ ಆಕಾರದ ಪ್ರಶ್ನೆ ಹುಟ್ಟುತ್ತದೆ. ಉದ್ದ ಹೆಚ್ಚಿಸಿದರೆ ಅಗಲ ಬಿಡಬೇಕು. ಟೆನಿಸ್ ಆಡಿ ಬಂದವರಿಗೆ, ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಿಗೆ ಉದ್ದನೆಯ ಪ್ಯಾಡಲ್, ಉದ್ದನೆಯ ಹಿಡಿಕೆ ಒಗ್ಗುತ್ತದೆ. ಹೊಸಬರಿಗೆ ಅಗಲದ್ದೇ ಸರಿ. ಸ್ವೀಟ್ ಸ್ಪಾಟ್, ಅಂದರೆ ಚೆಂಡು ಸರಿಯಾಗಿ ತಗಲುವ ಜಾಗ, ದೊಡ್ಡದು; ಸ್ವಲ್ಪ ತಪ್ಪಿದರೂ ಚೆಂಡು ನೆಟ್ ದಾಟುತ್ತದೆ. ಡಬಲ್ಸ್‌ನಲ್ಲಿ ಆಟ ನಡೆಯುವುದೇ ಜಾಸ್ತಿ ಕಿಚನ್ ಗೆರೆಯಲ್ಲಿ, ಅಂದರೆ ನೆಟ್‌ನಿಂದ 7 ಅಡಿ ದೂರದ ಗೆರೆಯಲ್ಲಿ. ಅಲ್ಲಿ ಬೇಕಾದದ್ದು ಮೆಲ್ಲಗೆ ಎತ್ತಿ ಹಾಕುವ ಡಿಂಕ್. ಅದಕ್ಕೇ ಕೇಳಿದವರಿಗೆಲ್ಲ ನಾನು 16 ಎಂಎಂ ಅಂತಲೇ ಹೇಳುವುದು. ಸಿಂಗಲ್ಸ್ ಆಡುವ, ಹಿಂದೆ ನಿಂತು ಬೀಸುವ ಆಸೆಯವರು 14ರತ್ತ ನೋಡಲಿ.

ತೂಕ 215ರಿಂದ 240 ಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ಸಾಕು. ಮೊಣಕೈ ನೋವಿದ್ದವರು ಸುಮ್ನೆ ತೀರಾ ಹಗುರದ್ದಕ್ಕೆ ಓಡಬೇಡಿ. ಹಗುರ ಪ್ಯಾಡಲ್ ಏಟಿಗೆ ಅಲುಗಿದರೆ ಆ ನಡುಕ ಕೈಗೇ ಬರುತ್ತದೆ, ಅಲ್ವಾ? ಹಿಡಿಕೆ ತೆಳುವಾಗಿದ್ದರೆ ಒಂದು ಸುತ್ತು ಓವರ್‌ಗ್ರಿಪ್ ಸುತ್ತಬಹುದು. ದಪ್ಪದ್ದನ್ನು ಸಣ್ಣ ಮಾಡುವುದು ಕಷ್ಟ. ಅನುಮಾನವಿದ್ದರೆ ಸಣ್ಣ ಹಿಡಿಕೆಯದನ್ನೇ ತೆಗೆದುಕೊಳ್ಳಿ. ಅದಕ್ಕೂ ಮೊದಲು ಗೆಳೆಯರ ಪ್ಯಾಡಲ್ ಕೇಳಿ ಪಡೆದು ಎರಡು ಗೇಮ್ ಆಡಿ. ಸ್ಮ್ಯಾಶ್ ಹೊಡೆದು ನೋಡುವುದು ಬೇಡ, ಕಿಚನ್ ಗೆರೆಯಲ್ಲಿ ನಿಂತು ಇಪ್ಪತ್ತು ಡಿಂಕ್ ಹಾಕಿ ನೋಡಿ.