ಅಲ್ಯೂಮಿನಿಯಂ ಜಿಗ್‌ನಲ್ಲಿ ಉಕ್ಕಿನ ಸೈಕಲ್ ಫ್ರೇಮ್ ನೆಟ್ಟಗೆ ಬರುತ್ತದೆಯೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಊರು ನಮ್ಮದು. ಗ್ಯಾಸ್ ಬ್ರೇಜಿಂಗ್ (ಜ್ವಾಲೆಯಲ್ಲಿ ಹಿತ್ತಾಳೆ ಕರಗಿಸಿ ಉಕ್ಕಿನ ಪೈಪು ಬೆಸೆಯುವುದು) ಅಲ್ಪಸ್ವಲ್ಪ ಕಲಿತಿದ್ದೇನೆ. ನನ್ನ ಅಳತೆಗೆ ನಾನೇ ಒಂದು ಸೈಕಲ್ ಫ್ರೇಮ್ ಮಾಡಿಕೊಳ್ಳಬೇಕೆಂದು ಆಸೆ. ಬೆಸೆಯುವಾಗ ಪೈಪುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಿದ್ಧ ಜಿಗ್ ಕೊಳ್ಳುವಷ್ಟು ದುಡ್ಡಿಲ್ಲ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ (ಅಚ್ಚಿನಿಂದ ಒತ್ತಿ ತೆಗೆದ ಉದ್ದನೆಯ ತೊಲೆ) ತರಿಸಿ ಮನೆಯಲ್ಲೇ ಜಿಗ್ ಕಟ್ಟೋಣ ಅಂದರೆ, ಪರಿಚಯದ ವೆಲ್ಡರ್ ಒಬ್ಬರು "ಅದು ಮೆತ್ತಗಿನ ಲೋಹ, ಬಿಸಿ ತಾಗಿದರೆ ಬಾಗುತ್ತೆ, ಫ್ರೇಮ್ ಔಟ್ ಬರುತ್ತೆ, ಕಬ್ಬಿಣದಲ್ಲೇ ಮಾಡು" ಅನ್ನುತ್ತಾರೆ. ಹೌದಾ ಸರ್?

ಉತ್ತರ: ಅವರ ಮಾತಿನಲ್ಲಿ ಹುರುಳಿದೆ. ಒಂದೇ ಗಾತ್ರದ ಉಕ್ಕಿನ ಪಟ್ಟಿಗೂ ಅಲ್ಯೂಮಿನಿಯಂ ಪಟ್ಟಿಗೂ ಒಂದೇ ಭಾರ ತೂಗುಹಾಕಿದರೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಮೂರು ಪಟ್ಟು ಬಾಗುತ್ತದೆ. ಉಕ್ಕಿನ ಬಿಗುವು ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು 70ರ ಆಸುಪಾಸು. ಹಾಗಿದ್ದರೂ ನೀವು ಅಲ್ಯೂಮಿನಿಯಂನಲ್ಲೇ ಕಟ್ಟಿ ಎನ್ನುತ್ತೇನೆ. ಜಿಗ್ ಮೇಲೆ ಬೀಳುವ ಭಾರವಾದರೂ ಎಷ್ಟು? ಒಂದು ಉಕ್ಕಿನ ಫ್ರೇಮ್‌ನ ಪೈಪುಗಳೆಲ್ಲ ಸೇರಿ ಎರಡು ಕಿಲೋ ಚಿಲ್ಲರೆ ತೂಗುತ್ತವೆ. ಅಷ್ಟನ್ನು ಹೊರಲು ಮೂರು ಪಟ್ಟು ಬಿಗುವು ಬೇಕಿಲ್ಲ, ಸರಿಯಾದ ಗಾತ್ರದ ಸೆಕ್ಷನ್ ಸಾಕು. ನಮ್ಮ ಹೆಂಚಿನ ಮನೆಗಳಲ್ಲಿ ತೊಲೆಯನ್ನು ಮಲಗಿಸದೆ ನಿಲುವಾಗಿ ಇಡುತ್ತಾರಲ್ಲ, ಇಲ್ಲೂ ಅದೇ ಲೆಕ್ಕ. ಅಗಲ ಅಷ್ಟೇ ಇಟ್ಟು ಎತ್ತರವನ್ನು ದುಪ್ಪಟ್ಟು ಮಾಡಿದರೆ ಗಟ್ಟಿ ಪಟ್ಟಿಯೊಂದರ ಬಿಗುವು ಎಂಟು ಪಟ್ಟಾಗುತ್ತದೆ. ಟೊಳ್ಳು ಸೆಕ್ಷನ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆಯಾದರೂ ಲಾಭ ದೊಡ್ಡದೇ. ಹಾಗಾಗಿ ಬೆನ್ನೆಲುಬಿಗೆ, ಅಂದರೆ ಜಿಗ್‌ನ ಉದ್ದದ ಮುಖ್ಯ ತೊಲೆಗೆ, 40×40 ಮಿ.ಮೀ. ಸೆಕ್ಷನ್ ಬೇಡ. 80×80 ಸಿಕ್ಕರೆ ಒಳ್ಳೆಯದು, 40×80 ಕನಿಷ್ಠ.

ಹಗಲಿನ ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುತ್ತದೆ ಎಂಬ ಭಯವನ್ನೂ ಬಿಡಿ. ಉಷ್ಣತೆ 10 ಡಿಗ್ರಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ 0.23 ಮಿ.ಮೀ. ಹಿಗ್ಗುತ್ತದೆ, ಉಕ್ಕು 0.12. ವ್ಯತ್ಯಾಸ 0.11 ಮಿ.ಮೀ. ಸೈಕಲ್ ಫ್ರೇಮ್‌ನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಹೆದರಬೇಕಾದದ್ದು ಗ್ಯಾಸ್ ಜ್ವಾಲೆಗೆ. ಹಿತ್ತಾಳೆ ಬ್ರೇಜಿಂಗ್‌ಗೆ ಸುಮಾರು 900 ಡಿಗ್ರಿ ಬೇಕು, ಅಲ್ಯೂಮಿನಿಯಂ 660ರೊಳಗೇ ಕರಗುತ್ತದೆ. ಅದಕ್ಕಿಂತ ಅಪಾಯದ ಸಂಗತಿ, ಉಕ್ಕಿನಂತೆ ಅದು ಕೆಂಪಾಗಿ ಎಚ್ಚರಿಸುವುದಿಲ್ಲ, ನೋಡನೋಡುತ್ತಲೇ ಕುಸಿಯುತ್ತದೆ. ಕರಗದಿದ್ದರೂ ಬಲವಾಗಿ ಕಾದ ಜಾಗ ತನ್ನ ಗಡಸು ಕಳೆದುಕೊಳ್ಳುತ್ತದೆ. ಆದ್ದರಿಂದ ಪೈಪಿಗೆ ನೇರ ತಾಗುವ ಭಾಗಗಳೆಲ್ಲ ಉಕ್ಕಿನವೇ ಇರಲಿ. ಜ್ವಾಲೆಗೂ ಎಕ್ಸ್‌ಟ್ರೂಷನ್‌ಗೂ ನಡುವೆ ಒಂದು ತಗಡು ಅಡ್ಡ ಹಿಡಿಯಿರಿ.

ಈಗ ಜಿಗ್‌ನ ನಿಜವಾದ ಕೆಲಸಕ್ಕೆ ಬರೋಣ. ಸೈಕಲ್ ಫ್ರೇಮ್‌ಗೆ ನಡುಮಧ್ಯದಲ್ಲಿ ಒಂದು ಕಾಲ್ಪನಿಕ ಸಮತಲವಿದೆ. ಬಾಟಮ್ ಬ್ರಾಕೆಟ್ ಶೆಲ್‌ನ (ಪೆಡಲ್ ಆಕ್ಸಲ್ ಕೂರುವ ಗಿಡ್ಡ ಪೈಪ್) ಮಧ್ಯ, ಸೀಟ್ ಟ್ಯೂಬ್‌ನ ನಡುಗೆರೆ, ಹೆಡ್ ಟ್ಯೂಬ್‌ನ (ಹ್ಯಾಂಡಲ್ ಕೂರುವ ಮುಂದಿನ ಪೈಪ್) ನಡುಗೆರೆ, ಹಿಂದಿನ ಆಕ್ಸಲ್‌ನ ಮಧ್ಯಬಿಂದು ಈ ನಾಲ್ಕೂ ಅದರ ಮೇಲೆ ಬೀಳಬೇಕು. ಜಿಗ್ ಮಾಡಬೇಕಾದ್ದು ಇಷ್ಟೇ. ಫ್ರೇಮ್ ಜಿಗ್ ಮೇಲೆ ಮಗ್ಗುಲಾಗಿ ಮಲಗಿರುತ್ತದೆ, ಅದಕ್ಕೆ ಬೆನ್ನೆಲುಬಿನ ಮೇಲ್ಮೈಯಿಂದ ಫ್ರೇಮ್‌ನ ಮಧ್ಯಕ್ಕೆ ಒಂದು ಎತ್ತರ ಗೊತ್ತುಮಾಡಿಕೊಳ್ಳಿ. ನಾನು 100 ಮಿ.ಮೀ. ಇಡಿ ಎನ್ನುತ್ತೇನೆ, ಲೆಕ್ಕ ಸುಲಭ, ಕೈಯಾಡಲೂ ಜಾಗ. 68 ಮಿ.ಮೀ. ಅಗಲದ ಶೆಲ್ ಆದರೆ ಅದು ಕೂರುವ ಕಂಬದ ಎತ್ತರ 100ರಲ್ಲಿ 34 ಕಳೆದು 66 ಮಿ.ಮೀ. 73ರ ಶೆಲ್‌ಗೆ 63.5. ಹಿಂಬದಿ 135 ಮಿ.ಮೀ. ಹಬ್ ಆದರೆ ಕೆಳಗಿನ ಡ್ರಾಪ್‌ಔಟ್‌ನ (ಹಿಂದಿನ ಆಕ್ಸಲ್ ಸಿಕ್ಕಿಸುವ ತುಂಡು) ಹಬ್ ತಾಗುವ ಒಳಮುಖದ ಎತ್ತರ 32.5, ಹಳೆಯ ರೋಡ್ ಸೈಕಲ್‌ಗಳ 130ಕ್ಕೆ 35, ಈಗಿನ 142ರ ಥ್ರೂ ಆಕ್ಸಲ್‌ಗೆ 29. ಹೆಡ್ ಟ್ಯೂಬ್ ಮತ್ತು ಸೀಟ್ ಟ್ಯೂಬ್‌ಗೆ ಕೋನ್ (ಶಂಕುವಿನಾಕಾರದ ತುಂಡು) ಬಳಸಿದರೆ ಪೈಪ್ ಯಾವ ವ್ಯಾಸದ್ದಾದರೂ ತಾನಾಗಿ ಮಧ್ಯಕ್ಕೆ ಕೂರುತ್ತದೆ. ಕೋನ್ ಹಿಡಿಯುವ ಸರಳಿನ ನಡುಗೆರೆ ಮಾತ್ರ ಎರಡೂ ತುದಿಯಲ್ಲಿ ಸರಿಯಾಗಿ 100ರಲ್ಲಿರಬೇಕು.

ದುಡ್ಡು ಹಾಕಬೇಕಾದ್ದು ಇಲ್ಲೇ. ಎಕ್ಸ್‌ಟ್ರೂಷನ್‌ನಲ್ಲಿ ಒಂದು ಸೈಜ್ ಕಡಿಮೆ ಮಾಡಿದರೂ ಸಂಭಾಳಿಸಬಹುದು, ಬಾಟಮ್ ಬ್ರಾಕೆಟ್ ಕಂಬವನ್ನು ಸೋವಿಯಲ್ಲಿ ಮುಗಿಸಲು ಹೋಗಬೇಡಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಕಡೆಯ ಲೇತ್ ವರ್ಕ್‌ಶಾಪ್‌ಗಳಲ್ಲಿ ಇಂಥ ಕೆಲಸ ಮಾಡುವವರು ಸಿಗುತ್ತಾರೆ. ದಿನವೂ ಪಂಪ್‌ಸೆಟ್ ಶಾಫ್ಟ್, ಟ್ರ್ಯಾಕ್ಟರ್ ಬುಶ್ ತಿರುಗಿಸುವ ಕೈಗಳು ಅವು, ಕಂಬ ಮತ್ತು ಕೋನ್ ಅವರಿಗೆ ಕಷ್ಟದ ಕೆಲಸವಲ್ಲ. ಬಾಯಲ್ಲಿ ಹೇಳಿ ಬರಬೇಡಿ, ಅಳತೆ ಬರೆದ ಚಿತ್ರ ಕೊಡಿ. ಕಂಬದ ಎರಡೂ ಮುಖವನ್ನು ಒಂದೇ ಸೆಟ್ಟಿಂಗ್‌ನಲ್ಲಿ, ಚಕ್‌ನಿಂದ ಬಿಚ್ಚದೆ ಫೇಸ್ ಮಾಡಿಸಿ, ಅಂದರೆ ಸಪಾಟು ಮಾಡಿಸಿ. ಬಿಚ್ಚಿ ತಿರುಗಿಸಿ ಹಿಡಿದರೆ ಮುಖಗಳು ಸಮಾಂತರ ಬರುವುದು ಅನುಮಾನ. ಎತ್ತರದಲ್ಲಿ 0.1 ಮಿ.ಮೀ. ಒಳಗೆ ಬೇಕು ಎಂದು ಚಿತ್ರದ ಮೇಲೆಯೇ ಬರೆಯಿರಿ.

ಎಕ್ಸ್‌ಟ್ರೂಷನ್ ಕೊಳ್ಳುವಾಗ ಒಂದು ಎಚ್ಚರ. ಊರಿನ ಗ್ಲಾಸ್ ಅಂಗಡಿಗಳಲ್ಲಿ ಸಿಗುವ ಕಿಟಕಿ, ಪಾರ್ಟಿಷನ್ ಸೆಕ್ಷನ್ ಈ ಕೆಲಸಕ್ಕೆ ಬಾರದು. ಅದರ ಗೋಡೆ ತೆಳು, ನಟ್ ಜಾರಿಸುವ ತೋಡೂ ಇಲ್ಲ. ನಿಮಗೆ ಬೇಕಾದ್ದು ಕಾರ್ಖಾನೆಗಳಲ್ಲಿ ಮಷಿನ್ ಚೌಕಟ್ಟಿಗೆ ಬಳಸುವ ಟಿ-ಸ್ಲಾಟ್ (ಟಿ ಆಕಾರದ ತೋಡಿರುವ) ಪ್ರೊಫೈಲ್. ಬೆಂಗಳೂರಿನಿಂದ ತರಿಸಬಹುದು. ತುಂಡುಗಳನ್ನು ಅವರಲ್ಲೇ ಕತ್ತರಿಸಿ ಕಳಿಸಲು ಹೇಳಿ, ಕೈಗರಗಸದ ಕಟ್ ಮೂಲೆಮಟ್ಟಕ್ಕೆ ಕೂರುವುದಿಲ್ಲ. ನಟ್‌ಗಳಲ್ಲಿ ಮೇಲಿನಿಂದ ಹಾಕಿ ತಿರುಗಿಸುವ ಬಗೆಗಿಂತ ತುದಿಯಿಂದ ಜಾರಿಸುವ ಬಗೆ ಮೇಲು, ಸಡಿಲಿಸಿ ಬಿಗಿ ಮಾಡಿದಾಗಲೂ ಓರೆಯಾಗದು. ಬೆನ್ನೆಲುಬಿನಿಂದ ಹೊರಡುವ ತೋಳುಗಳನ್ನು ಒಂದೊಂದೇ ಬೋಲ್ಟ್‌ನ ಎಲ್-ಬ್ರಾಕೆಟ್‌ನಲ್ಲಿ ನಿಲ್ಲಿಸಬೇಡಿ. ನಾಲ್ಕು ಎಂ8 ಬೋಲ್ಟ್ ಹಿಡಿಯುವ 10 ಮಿ.ಮೀ. ದಪ್ಪದ ಪ್ಲೇಟ್ ಹಾಕಿದರೆ ತೋಳು ತಿರುಗದು.

ಭದ್ರಾವತಿ, ಮಾಚೇನಹಳ್ಳಿ ಕಡೆ ಓಡಾಟವಿದ್ದರೆ ಗುಜರಿಯ ಮೇಲೂ ಒಂದು ಕಣ್ಣಿಡಿ. ಎರಕದ ಕಬ್ಬಿಣದ ಹಳೆಯ ಲೇತ್ ಬೆಡ್ ಸಿಕ್ಕಿತೆಂದರೆ ನಿಮ್ಮ ವೆಲ್ಡರ್ ಹೇಳಿದ ಕಬ್ಬಿಣದ ಜಿಗ್ ಅದೇ, ಎಕ್ಸ್‌ಟ್ರೂಷನ್‌ಗಿಂತ ಎಷ್ಟೋ ಬಿಗಿ. ಅಂಗಡಿಯಲ್ಲಿ ಸಿಗುವ ಸಿ-ಚಾನಲ್ ಮಾತ್ರ ಬೇಡ. ಬಿಸಿಯಲ್ಲಿ ಉರುಳಿಸಿದ ಚಾನಲ್‌ಗೆ ಸಮತಟ್ಟು ಮುಖವೇ ಇರುವುದಿಲ್ಲ, ಮಷಿನ್ ಮಾಡಿಸುವ ಖರ್ಚು ಎಕ್ಸ್‌ಟ್ರೂಷನ್‌ಗಿಂತ ಹೆಚ್ಚಾದೀತು.

ಜಿಗ್‌ಗೆ ಮೂರು ಕಾಲು ಕೊಡಿ, ನಾಲ್ಕು ಬೇಡ. ಹಳೆಯ ಮನೆಯ ಕಾವಿ ನೆಲವಾಗಲಿ ಹಿತ್ತಿಲ ಚಪ್ಪಡಿಯಾಗಲಿ ಪೂರ್ತಿ ಮಟ್ಟವಿರುವುದಿಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಉದ್ದದ ಬೆನ್ನೆಲುಬು ನೆಲದ ತಿರುಚನ್ನು ತಾನೂ ಹೊತ್ತುಕೊಳ್ಳುತ್ತದೆ. ಮೂರು ಕಾಲು ಯಾವ ನೆಲದ ಮೇಲಾದರೂ ತಿರುಚದೆ ಕೂರುತ್ತವೆ.

ಕೋನಗಳನ್ನು ಡಿಗ್ರಿ ಮಾಪಕದಿಂದ ಹೊಂದಿಸಲು ಹೆಚ್ಚಿನವರು ಹೆಣಗುತ್ತಾರೆ. ಮಾಪಕದಲ್ಲಿ 0.1 ಡಿಗ್ರಿ ತಪ್ಪಿದರೆ 600 ಮಿ.ಮೀ. ದೂರದಲ್ಲಿ ಅದು 1 ಮಿ.ಮೀ. ಆಗುತ್ತದೆ. ಬಾಟಮ್ ಬ್ರಾಕೆಟ್ ಮಧ್ಯವನ್ನು ಸೊನ್ನೆ ಎಂದು ಇಟ್ಟುಕೊಂಡು ಪ್ರತಿ ಬಿಂದುವಿಗೂ ಎಷ್ಟು ಮುಂದೆ, ಎಷ್ಟು ಮೇಲೆ ಎಂದು ಅಳೆಯುವುದು ನನ್ನ ಪ್ರಕಾರ ಹೆಚ್ಚು ನಂಬಿಕೆಯ ದಾರಿ. ಉದಾಹರಣೆಗೆ ಹೆಡ್ ಟ್ಯೂಬ್‌ನ ಮೇಲ್ತುದಿ 380 ಮುಂದೆ, 560 ಮೇಲೆ, ಟ್ಯೂಬ್ ಉದ್ದ 140, ಕೋನ 72 ಡಿಗ್ರಿ ಎಂದುಕೊಳ್ಳಿ. ಆಗ ಅದರ ಕೆಳತುದಿ 423.3 ಮುಂದೆ, 426.9 ಮೇಲೆ ಬರುತ್ತದೆ. ಎರಡು ಬಿಂದು ಸರಿಯಾಗಿ ಕೂತರೆ ಕೋನ ತಾನಾಗಿ ಸರಿ. ಚೈನ್‌ಸ್ಟೇ (ಬಾಟಮ್ ಬ್ರಾಕೆಟ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪೈಪ್) 435, ಹಿಂದಿನ ಆಕ್ಸಲ್ ಬಾಟಮ್ ಬ್ರಾಕೆಟ್‌ಗಿಂತ 70 ಮೇಲೆ ಎಂದಾದರೆ ಆಕ್ಸಲ್ 429.3 ಹಿಂದೆ ಇರಬೇಕು. ಇದಕ್ಕೆ ಶಾಲೆಯ ಪೈಥಾಗೊರಸ್ ಸಾಕು, ಹೆಡ್ ಟ್ಯೂಬ್ ಲೆಕ್ಕಕ್ಕೆ ಸೈನ್, ಕೊಸೈನ್ ಬೇಕು. ಲೆಕ್ಕ ಬೇಡವೆಂದರೆ ಬೈಕ್‌ಕ್ಯಾಡ್ ಎಂಬ ತಂತ್ರಾಂಶದ ಉಚಿತ ರೂಪ ಇಂಟರ್‌ನೆಟ್‌ನಲ್ಲಿದೆ, ಅದರಲ್ಲಿ ಚಿತ್ರ ಬರೆದು ಅಳತೆ ತೆಗೆಯಬಹುದು. ಹಿಂದಿನ ಆಕ್ಸಲ್ ತೋಳನ್ನು ಮಾತ್ರ 460ರವರೆಗೆ ಜಾರುವಂತೆ ಉದ್ದ ಬಿಡಿ. ಮಳೆಗಾಲದಲ್ಲಿ ನಮ್ಮ ತೋಟದ ದಾರಿಯ ಜಂಬಿಟ್ಟಿಗೆ ಕೆಸರು ಟೈರಿಗೂ ಸ್ಟೇಗೂ ನಡುವೆ ಹೇಗೆ ಕಚ್ಚಿಕೊಳ್ಳುತ್ತದೆಂದು ನಿಮಗೇ ಗೊತ್ತು. ಅಗಲ ಟೈರು, ಉದ್ದ ಚೈನ್‌ಸ್ಟೇ ಇಲ್ಲಿ ಷೋಕಿಯಲ್ಲ.

ಕಟ್ಟಿದ ಜಿಗ್ ಸರಿಯಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಚೆನ್ನಾಗಿ ಓಡುವ ಒಂದು ಫ್ರೇಮ್ ತಂದು ಚೈನ್ ಕಡೆ ಮೇಲಾಗಿ ಕೂರಿಸಿ, ಹೆಡ್ ಟ್ಯೂಬ್‌ನ ಎರಡೂ ತುದಿ ಬೆನ್ನೆಲುಬಿನಿಂದ ಎಷ್ಟು ಎತ್ತರದಲ್ಲಿವೆ ಎಂದು ಅಳೆದು ಬರೆದುಕೊಳ್ಳಿ. ಆಮೇಲೆ ಫ್ರೇಮ್ ಮಗುಚಿ, ಚೈನ್ ಕಡೆ ಕೆಳಗೆ ಮಾಡಿ ಮತ್ತೆ ಅಳೆಯಿರಿ. ಜಿಗ್‌ನ ತಪ್ಪಾದರೆ ಎರಡೂ ಸಲ ಒಂದೇ ದಿಕ್ಕಿಗೆ ವಾಲುತ್ತದೆ. ಫ್ರೇಮ್‌ನ ತಪ್ಪಾದರೆ ಮಗುಚಿದಾಗ ವಾಲುವ ದಿಕ್ಕೂ ಬದಲಾಗುತ್ತದೆ. ಇದನ್ನು ಮಾಡದೆ ಮೊದಲ ಪೈಪ್ ಕತ್ತರಿಸಬೇಡಿ.

ಇನ್ನು ನಿಮ್ಮ ವೆಲ್ಡರ್ ಹೇಳಿದ "ಔಟ್ ಬರುತ್ತೆ" ಎಂಬ ಮಾತು. ಫ್ರೇಮ್ ಔಟ್ ಬರುವುದು ನಿಜ, ಕಬ್ಬಿಣದ ಜಿಗ್‌ನಲ್ಲೂ ಬರುತ್ತದೆ. ಕಾದ ಬೆಸುಗೆ ತಣಿಯುತ್ತಾ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಜಿಗ್ ಎಷ್ಟೇ ಬಿಗಿಯಿದ್ದರೂ ಆ ಎಳೆತವನ್ನು ಒಳಗೇ ಅದುಮಿಡುತ್ತದೆ ಅಷ್ಟೆ, ಬಿಚ್ಚಿದ ಗಳಿಗೆಯಲ್ಲಿ ಫ್ರೇಮ್ ತನಗೆ ಬೇಕಾದ ಕಡೆ ಹೋಗುತ್ತದೆ. ಇದನ್ನು ತಡೆಯುವುದು ಕೆಲಸದ ಕ್ರಮ. ಮೊದಲಿಗೆ ಪೈಪಿನ ತುದಿಯನ್ನು ಇನ್ನೊಂದು ಪೈಪಿನ ದುಂಡಿಗೆ ಬೆಳಕು ಕಾಣದಷ್ಟು ಹೊಂದಿಸಿ ಅರ ಹಾಕಿ. ಸಂದು ದೊಡ್ಡದಾದಷ್ಟೂ ತುಂಬುವ ಲೋಹ ಹೆಚ್ಚು, ಎಳೆತವೂ ಹೆಚ್ಚು. ನನ್ನ ಕಣ್ಣಿಗೆ ಬಿದ್ದ ಸೊಟ್ಟ ಫ್ರೇಮ್‌ಗಳಲ್ಲಿ ಬಹುಪಾಲು ಈ ಹಂತದಲ್ಲೇ ಕೆಟ್ಟವು. ಜಿಗ್‌ನಲ್ಲಿ ಟ್ಯಾಕ್ (ಹಿಡಿದಿಡುವಷ್ಟು ಸಣ್ಣ ಬೆಸುಗೆ ಚುಕ್ಕೆ) ಮಾತ್ರ ಹಾಕಿ, ಒಂದು ಬದಿಗೆ ಹಾಕಿದರೆ ಮುಂದಿನದು ಅದರ ಎದುರು ಬದಿಗೆ. ಬಿಚ್ಚಿ ಅಳೆಯಿರಿ, ತಪ್ಪಿದ್ದರೆ ಟ್ಯಾಕ್ ಬಿಡಿಸುವುದು ಸುಲಭ. ಸರಿಯಿದ್ದರೆ ಪೂರ್ತಿ ಬೆಸುಗೆಯನ್ನು ಜಿಗ್‌ನ ಹೊರಗೆ, ಸ್ಟ್ಯಾಂಡಿನಲ್ಲಿ ಮಾಡಿ. ಜ್ವಾಲೆ ಅಲ್ಯೂಮಿನಿಯಂ ಹತ್ತಿರ ಹೆಚ್ಚು ಹೊತ್ತು ಇರುವ ಪ್ರಮೇಯವೇ ಬರುವುದಿಲ್ಲ. ಮುಂಭಾಗದ ತ್ರಿಕೋನ ಮುಗಿಸಿ ನೋಡಿಕೊಂಡ ಮೇಲೆ ಹಿಂಭಾಗಕ್ಕೆ ಕೈ ಹಾಕಿ.

ಶೆಲ್ ಕೂರಿಸುವಾಗ ಚೈನ್ ಕಡೆ ಯಾವುದೆಂದು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆಯಿರಿ. ಇಂಗ್ಲಿಷ್ ಥ್ರೆಡ್‌ನ ಶೆಲ್‌ಗೆ (1.37 ಇಂಚು, ಇಂಚಿಗೆ 24 ಎಳೆ) ಚೈನ್ ಕಡೆ ಎಡಥ್ರೆಡ್ ಇರುತ್ತದೆ. ತಿರುಗುಮುರುಗಾಗಿ ಬ್ರೇಜ್ ಮಾಡಿದರೆ ಪೆಡಲ್ ಆಕ್ಸಲ್‌ನ ಬೇರಿಂಗ್ ಕಪ್‌ಗಳು ಅದಲುಬದಲಾಗುತ್ತವೆ. ಆಮೇಲೆ ಶೆಲ್ ಕತ್ತರಿಸಿ ತೆಗೆಯುವುದೊಂದೇ ದಾರಿ.

ಮೊದಲ ಫ್ರೇಮ್‌ಗೆ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಪೈಪ್ ತರಿಸಬೇಡಿ. ಫರ್ನಿಚರ್‌ಗೆ ಬಳಸುವ ಸಾದಾ ಇ.ಆರ್.ಡಬ್ಲ್ಯೂ. (ತಗಡು ಸುತ್ತಿ ವಿದ್ಯುತ್ತಿನಿಂದ ಬೆಸೆದ) ಉಕ್ಕಿನ ಪೈಪಿನಲ್ಲಿ ಕೈ ಪಳಗಿಸಿ. ನೀರಿನ ಜಿ.ಐ. ಪೈಪ್ ಮಾತ್ರ ಖಂಡಿತ ಬೇಡ. ಅದರ ಸತುವಿನ ಲೇಪ ಉರಿದು ಏಳುವ ಹೊಗೆ ಉಸಿರಿಗೆ ಹೋದರೆ ಚಳಿಜ್ವರ ಬರುತ್ತದೆ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇನ್ನೂ ಅಪಾಯ.

ಮುಗಿದ ಫ್ರೇಮ್‌ಗೆ ದಾರದ ಪರೀಕ್ಷೆ ಮಾಡಿ. ಒಂದು ಡ್ರಾಪ್‌ಔಟ್‌ನಿಂದ ಹೊರಟ ದಾರ ಹೆಡ್ ಟ್ಯೂಬನ್ನು ಬಳಸಿ ಇನ್ನೊಂದು ಡ್ರಾಪ್‌ಔಟ್‌ಗೆ ಬರಲಿ. ಸೀಟ್ ಟ್ಯೂಬ್ ಹತ್ತಿರ ಎರಡೂ ಬದಿಯ ಅಂತರ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಒಳಗಿದ್ದರೆ ಮೊದಲ ಫ್ರೇಮ್‌ಗೆ ನಾನು ಸಂತೋಷಪಡುತ್ತೇನೆ. ಹೆಡ್ ಟ್ಯೂಬ್ ತಿರುಚಿದ್ದರೆ ದಾರಕ್ಕೆ ತಿಳಿಯದು. ಅದಕ್ಕೆ ಮುಂದೆ ನಿಂತು ಹೆಡ್ ಟ್ಯೂಬ್ ಮತ್ತು ಸೀಟ್ ಟ್ಯೂಬ್‌ನ ಅಂಚುಗಳು ಸಮಾಂತರ ಇವೆಯೇ ಎಂದು ಒಂದೇ ಕಣ್ಣಿನಿಂದ ನೋಡಿ. ಬ್ರೇಜಿಂಗ್‌ಗೆ ಹಚ್ಚಿದ ಫ್ಲಕ್ಸ್ ಪುಡಿಯ ಕಲೆಯನ್ನು ಬಿಸಿನೀರಿನಲ್ಲಿ ಪೂರ್ತಿ ತೊಳೆದು, ಅದೇ ದಿನ ಎಣ್ಣೆ ಸವರಿ. ಜೂನ್ ತಿಂಗಳ ತೀರ್ಥಹಳ್ಳಿ ಹವೆಯಲ್ಲಿ ಬರಿಮೈ ಉಕ್ಕು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಜಿಗ್‌ನ ಅಲ್ಯೂಮಿನಿಯಂಗೆ ಆ ಚಿಂತೆ ಕಡಿಮೆ, ಅದರ ಉಕ್ಕಿನ ಬೋಲ್ಟ್‌ಗಳಿಗೆ ಮಾತ್ರ ಗ್ರೀಸ್ ಹಚ್ಚಿಡಿ.

ಬಣ್ಣ ಬಳಿಯುವ ಮುನ್ನ ಕೆಲವು ವಾರ ಸಮತಟ್ಟು ರಸ್ತೆಯಲ್ಲಿ ಓಡಿಸಿ, ಪ್ರತಿ ಸವಾರಿಯ ನಂತರ ಬೆಸುಗೆಗಳ ಅಂಚನ್ನು, ಮುಖ್ಯವಾಗಿ ಹೆಡ್ ಟ್ಯೂಬ್‌ಗೆ ಡೌನ್ ಟ್ಯೂಬ್ (ಕೆಳಗಿನ ಓರೆ ಪೈಪ್) ಸೇರುವ ಕೆಳಬದಿಯನ್ನು, ಒರೆಸಿ ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಕಂಡರೂ ಆ ಫ್ರೇಮ್ ಮತ್ತೆ ಹತ್ತಬೇಡಿ. ಆಗುಂಬೆ ಘಾಟಿಯ ಇಳಿಜಾರು ಆಮೇಲೆ ನೋಡೋಣ.