ಪಕ್ಕದವರ ಎದೆಬಡಿತ, ನಿಮ್ಮ ವಾಚಿನಲ್ಲಿ

ಕಬ್ಬನ್ ಪಾರ್ಕ್ ಹತ್ತಿರ ಒಂದು 10 ಕಿ.ಮೀ. ಓಟ. ಇನ್ನೂ ಶುರುವಾಗಿಲ್ಲ, ಗೆಳೆಯನ ವಾಚು ಆಗಲೇ ಎದೆಬಡಿತ 158 ತೋರಿಸುತ್ತಿದೆ. ಆಸಾಮಿ ಆರಾಮಾಗಿ ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದ. "ವೈರ್‌ಲೆಸ್ ಇಂಜಿನಿಯರ್ ಅಲ್ವೇನೋ ನೀನು? ಇದೇನು ಇಂಟರ್‌ಫೆರೆನ್ಸು ನೋಡು" ಅಂದ. ವಿಚಾರಿಸಿದರೆ, ಎದೆಬಡಿತ ಅಳೆದು ರೇಡಿಯೊದಲ್ಲಿ ಕಳಿಸುವ ಎದೆಪಟ್ಟಿಯನ್ನು ವಾಚಿಗೆ ಜೋಡಿಸಿದ್ದು ಓಟಕ್ಕೆ ಬಂದ ಗುಂಪಿನ ನಡುವೆ ನಿಂತು. ವಾಚು ಮೊದಲು ಕೇಳಿಸಿದ ಪಟ್ಟಿಯನ್ನೇ ಹಿಡಿದುಕೊಂಡಿತ್ತು. ಪಕ್ಕದಲ್ಲೊಬ್ಬರು ಕುಣಿಕುಣಿದು ವಾರ್ಮ್‌ಅಪ್ ಮಾಡುತ್ತಿದ್ದರು.

ಇದು ಇಂಟರ್‌ಫೆರೆನ್ಸ್ (ಸಿಗ್ನಲ್‌ಗಳು ಒಂದಕ್ಕೊಂದು ಅಡ್ಡಬರುವುದು) ಅಲ್ಲ. ಸಿಗ್ನಲ್ ಚೆನ್ನಾಗಿಯೇ ಬಂದಿದೆ, ಬೇರೆಯವರದ್ದು ಅಷ್ಟೆ. ನಿಜವಾಗಿ ಸಿಗ್ನಲ್‌ಗಳು ಡಿಕ್ಕಿ ಹೊಡೆದರೆ ಹಾಳಾದ ಪ್ಯಾಕೆಟ್ಟನ್ನು (ಒಂದು ಸಲಕ್ಕೆ ಕಳಿಸುವ ಮಾಹಿತಿಯ ತುಣುಕು) ವಾಚು ಗುರುತಿಸಿ ಬಿಸಾಡುತ್ತದೆ. ಆಗ ತಪ್ಪು ಅಂಕಿ ಬರುವುದಿಲ್ಲ, ಅಂಕಿಯೇ ನಿಂತುಹೋಗುತ್ತದೆ.

ಹಾಗಾದರೆ ಅಷ್ಟು ಜನ ಒಟ್ಟಿಗೆ ನಿಂತರೂ ಎಲ್ಲರ ವಾಚೂ ಯಾಕೆ ನಿಲ್ಲುವುದಿಲ್ಲ? ಆಂಟ್ ಪ್ಲಸ್ (ANT+) ಎಂಬ ವೈರ್‌ಲೆಸ್ ಪದ್ಧತಿಯ ಎದೆಪಟ್ಟಿಗಳನ್ನೇ ನೋಡಿ. ಎಲ್ಲವೂ 2457 ಮೆಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಆದರೆ ಮಾತು ಬಹಳ ಚಿಕ್ಕದು. ಸೆಕೆಂಡಿಗೆ ಸುಮಾರು 4 ಸಲ, ಒಂದೊಂದು ಸಲಕ್ಕೆ ಸುಮಾರು 150 ಮೈಕ್ರೋಸೆಕೆಂಡ್. ಸುತ್ತ 100 ಪಟ್ಟಿಗಳಿದ್ದರೂ, ಡಿಕ್ಕಿಯಾದದ್ದೆಲ್ಲ ಹಾಳು ಅಂತಲೇ ಹಿಡಿದರೂ, ನಿಮ್ಮ 100 ಪ್ಯಾಕೆಟ್‌ಗಳಲ್ಲಿ ಹಾಳಾಗುವುದು 11-12. ಪ್ರತಿ ಪ್ಯಾಕೆಟ್‌ನಲ್ಲೂ ಬಡಿತದ ಎಣಿಕೆ ಇರುವುದರಿಂದ ನಡುವೆ ಒಂದೆರಡು ತಪ್ಪಿದರೂ ವಾಚಿಗೆ ಲೆಕ್ಕ ಸಿಗುತ್ತದೆ.

ತೊಂದರೆ ಕೊಡುವುದು ಬೇರೆಯೇ ಒಂದು ವಿಷಯ, ನನಗೆ ಬಹಳ ಇಷ್ಟವಾದದ್ದು. ಎರಡು ಪಟ್ಟಿಗಳು ಒಂದೇ ಲಯದಲ್ಲಿ ಕಳಿಸುತ್ತಿವೆ ಅನ್ನಿ. ಅವುಗಳ ಗಡಿಯಾರಗಳ ನಡುವೆ 10 ಲಕ್ಷಕ್ಕೆ 20ರಷ್ಟು ವ್ಯತ್ಯಾಸ. ಅಂದರೆ ಸೆಕೆಂಡಿಗೆ 20 ಮೈಕ್ರೋಸೆಕೆಂಡ್ ಸರಿಯುತ್ತವೆ. ಒಮ್ಮೆ ಒಂದರ ಮೇಲೊಂದು ಬಿದ್ದರೆ ಪೂರ್ತಿ ದಾಟಿಹೋಗಲು ಎರಡರದ್ದೂ ಸೇರಿ 300 ಮೈಕ್ರೋಸೆಕೆಂಡ್ ಸರಿಯಬೇಕು, ಅದಕ್ಕೆ 15 ಸೆಕೆಂಡ್ ಬೇಕು. ಗಡಿಯಾರ ಇನ್ನೂ ಕರಾರುವಾಕ್ಕಾಗಿದ್ದರೆ ಈ ಜಗಳ ಇನ್ನೂ ಉದ್ದ! ಅದಕ್ಕೇ ಬ್ಲೂಟೂತ್ ಲೋ ಎನರ್ಜಿ (ಕಡಿಮೆ ಬ್ಯಾಟರಿ ತಿನ್ನುವ ಬ್ಲೂಟೂತ್) ಸಾಧನ ತಾನಿದ್ದೇನೆ ಎಂದು ಸಾರುವಾಗ ಪ್ರತಿ ಸಲವೂ 0ರಿಂದ 10 ಮಿಲಿಸೆಕೆಂಡ್ ಬೇಕಂತಲೇ ತಡಮಾಡುತ್ತದೆ, ಎಷ್ಟು ಅನ್ನುವುದು ಲಾಟರಿ ಎತ್ತಿದ ಹಾಗೆ. ಜೋಡಿಯಾದ ಮೇಲೆ 37 ಚಾನೆಲ್‌ಗಳಲ್ಲಿ ಜಿಗಿಯುತ್ತಾ ಇರುತ್ತದೆ, ವೈಫೈ ಗದ್ದಲವಿರುವ ಚಾನೆಲ್‌ಗಳನ್ನು ಬಿಟ್ಟು.

ಇನ್ನೊಂದು ಶತ್ರು ನಿಮ್ಮದೇ ಮೈ. ಈ ಸಾಧನಗಳೆಲ್ಲ ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನು ದೇಹದ ನೀರು ಚೆನ್ನಾಗಿ ಹೀರುತ್ತದೆ. ಎಡ ಜೇಬಿನಲ್ಲಿ ಫೋನು, ಬಲ ಕಿವಿಯಲ್ಲಿ ಇಯರ್‌ಬಡ್ ಇದ್ದರೆ ನಡುವೆ ಇಡೀ ನೀವೇ ಅಡ್ಡ. ಎದುರು ನಿಂತವರ ಫೋನಿಗೆ ಅಡ್ಡವೇ ಇಲ್ಲ. ನಿಮ್ಮ ಸ್ವಂತ ಸಿಗ್ನಲ್‌ಗಿಂತ ಅವರದ್ದೇ ಜೋರಾಗಿ ತಲುಪಬಹುದು. ಮೆಟ್ರೋದಲ್ಲಿ ಹಾಡು ಕಡಿಯುತ್ತಿದ್ದರೆ ಸುಮ್ನೆ ಫೋನನ್ನು ಇನ್ನೊಂದು ಜೇಬಿಗೆ ಹಾಕಿ ನೋಡಿ.

ಓಟದಲ್ಲಿ 15 ಸೆಕೆಂಡ್ ಹೋದರೆ ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಇಸಿಜಿ ಪ್ಯಾಚ್ (ಮೈಗೆ ಅಂಟಿಸಿಕೊಂಡು ಹೃದಯದ ವಿದ್ಯುತ್ ಗೆರೆ ಕಳಿಸುವ ಸಾಧನ) ಹಾಕಿಕೊಂಡವರ ಕಥೆ ಹಾಗಲ್ಲ. ಇಸಿಜಿ ಅಂದರೆ ಸೆಕೆಂಡಿಗೆ ನಾಲ್ಕು ಅಂಕಿಯಲ್ಲ, ಬಿಡದೆ ಹರಿಯುವ ಗೆರೆ. ಮೈಮೇಲಿನ ಸಾಧನಗಳ ಜಾಲಗಳಿಗೆಂದೇ 2012ರಲ್ಲಿ 802.15.6 ಎಂಬ ಐಇಇಇ (ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ) ಮಾನದಂಡ ಬಂತು. 6 ಮೀಟರ್ ಉದ್ದ, ಅಗಲ, ಎತ್ತರದ ಜಾಗದಲ್ಲಿ 10 ಜನರ ಜಾಲಗಳು ಒಟ್ಟಿಗೆ ಬಾಳಬೇಕು ಅನ್ನುವುದು ಅದರ ಗುರಿಗಳಲ್ಲೊಂದು. ನೆರೆಯ ಜಾಲಗಳು ಸಮಯ ಹಂಚಿಕೊಳ್ಳುವ ದಾರಿಯನ್ನೂ ಅದು ಹೇಳುತ್ತದೆ. ಒಳ್ಳೆಯ ಕೆಲಸವೇ. ಆದರೆ ಪ್ರತಿ ಫೋನಿನಲ್ಲೂ ಬ್ಲೂಟೂತ್ ಇದ್ದೇ ಇದೆಯಲ್ಲ, ಮಾರುಕಟ್ಟೆ ಆ ಕಡೆಗೇ ಹೋಯಿತು.

ಹಾಗಾಗಿ ಪ್ಯಾಚ್ ಕೊಳ್ಳುವ ಆಸ್ಪತ್ರೆಯವರು ನನ್ನನ್ನು ಕೇಳಿದರೆ ಎರಡೇ ಮಾತು. ಸಂಪರ್ಕ ತಪ್ಪಿದಾಗ ಡೇಟಾವನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತದಾ? ಎರಡನೆಯದು ಡೆಮೊ. ಮಾರುವವರು ಒಂದೇ ಪ್ಯಾಚ್ ಹಿಡಿದು ಬರುತ್ತಾರೆ. 10 ತನ್ನಿ, 10 ಜನರ ಮೈಗೆ ಅಂಟಿಸಿ ಇದೇ ಕೋಣೆಯಲ್ಲಿ ಓಡಾಡಿಸೋಣ ಅನ್ನುತ್ತೇನೆ. ಕೆಲವರು ಮತ್ತೆ ಫೋನ್ ಮಾಡಿಲ್ಲ.