ಎಂಜಿನ್ ನೀರು ಕುಡಿಯುವುದಿಲ್ಲ

ನಮ್ಮ ಕಡೆ ಹಳೇ ಪಿಕಪ್ ಗಾಡಿಗಳು ಜಾಸ್ತಿ ಕೈ ಬದಲಾಗುವುದು ಜನವರಿ, ಫೆಬ್ರವರಿಯಲ್ಲಿ. ಎಳ್ಳಮವಾಸ್ಯೆ ಮುಗಿದಿರುತ್ತದೆ. ತೊಗರಿ ರಾಶಿ ಆಗಿರುತ್ತದೆ. ಕಲಬುರಗಿ ಎಪಿಎಂಸಿಯಲ್ಲಿ ಮಾಲು ಮಾರಿ ಕೈಯಲ್ಲಿ ನಾಲ್ಕು ಕಾಸು ಬಂದಿರುತ್ತದೆ. ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಹತ್ತು ಹನ್ನೆರಡು ವರ್ಷದ ಡೀಸೆಲ್ ಗಾಡಿ ಮನೆ ಮುಂದೆ ಬಂದು ನಿಲ್ಲುತ್ತದೆ. ಬೆಳಗಿನ ಚಳಿಯಲ್ಲಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಖಾಲಿ ಗಾಡಿಯನ್ನು ಐದು ಕಿಲೋಮೀಟರ್ ಓಡಿಸಿ ನೋಡುತ್ತಾರೆ. ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಶರಣಬಸವೇಶ್ವರ ಗುಡಿ ಮುಂದೆ ಕಾಯಿ ಒಡೆಸಿ, ಹೊಸ ಸೀಟ್ ಕವರ್, ಹೊಸ ಹಾರ್ನ್ ಹಾಕಿಸುತ್ತಾರೆ.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಅದೇ ಗಾಡಿ ಹಗ್ಗ ಕಟ್ಟಿಸಿಕೊಂಡು ನನ್ನ ಗ್ಯಾರೇಜಿಗೆ ಬರುತ್ತದೆ.

ರಿಂಗ್ ರೋಡ್ ಪಕ್ಕದಲ್ಲಿ 22 ವರ್ಷದಿಂದ ಡೀಸೆಲ್ ಗಾಡಿ ರಿಪೇರಿ ಮಾಡುತ್ತಿದ್ದೇನೆ. ಹಳೇ ಗಾಡಿ ತಗೊಂಡ ಮೇಲೆ ಏನೇನು ಮಾಡಿಸಬೇಕು ಅಂತ ಬಹಳ ಜನ ಕೇಳುತ್ತಾರೆ. ಬೇರೆ ರಾಜ್ಯದ ಗಾಡಿಗೆ ಎನ್‌ಒಸಿ ಬೇಕು, ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಾ ವರ್ಷಾ ಫಿಟ್ನೆಸ್ ಮಾಡಿಸಬೇಕು, ಇವು ನಿಮಗೆ ಗೊತ್ತೇ ಇವೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಇಷ್ಟನ್ನೂ ಮೊದಲ ದಿನವೇ ಬದಲಿಸಿ, ಹಳೇ ಮಾಲೀಕ ಏನೇ ಹೇಳಿರಲಿ. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಬೆಲ್ಟ್ ಯಾವಾಗ ಹಾಕಿದ್ದು ಅನ್ನುವ ಬಿಲ್ ಇಲ್ಲದಿದ್ದರೆ ಹೊಸದು ಹಾಕಿಸಿ. ಬ್ರೇಕ್ ಬಿಚ್ಚಿಸಿ ಕಣ್ಣಾರೆ ನೋಡಿ. ಇದಕ್ಕೆಲ್ಲ ಜನ ಹೂಂ ಅನ್ನುತ್ತಾರೆ, ಮಾಡಿಸುತ್ತಾರೆ ಕೂಡ. ಅವರು ಒಪ್ಪದಿರುವುದು ಒಂದೇ ಒಂದು ಮಾತು. ಅದಕ್ಕೇ ಇವತ್ತು ಅದೊಂದನ್ನೇ ಬರೆಯುತ್ತೇನೆ.

ಎಂಜಿನ್ ನೀರು ಕುಡಿಯುವುದಿಲ್ಲ.

ಡೀಸೆಲ್ ಕುಡಿಯುತ್ತದೆ, ಅದಕ್ಕೆಂದೇ ಹಾಕುತ್ತೇವೆ. ಹಳೇ ಎಂಜಿನ್ ಸ್ವಲ್ಪ ಆಯಿಲ್ ಕೂಡ ಕುಡಿಯಬಹುದು, ಅದಕ್ಕೂ ಒಂದು ಲೆಕ್ಕ ಇದೆ. ನೀರನ್ನು ಮಾತ್ರ ಅದು ಕುಡಿಯಬಾರದು. ರೇಡಿಯೇಟರ್, ಹೋಸ್ ಪೈಪ್, ವಾಟರ್ ಪಂಪ್, ಎಂಜಿನ್ ಬ್ಲಾಕ್, ಅದರ ಮೇಲೆ ಕೂರುವ ಹೆಡ್ ಇಷ್ಟೂ ಸೇರಿ ಮುಚ್ಚಿದ ಪಾತ್ರೆ ಇದ್ದ ಹಾಗೆ. ಒಳಗಿರುವ ನೀರು ಸುತ್ತಿ ಸುತ್ತಿ ಅಲ್ಲೇ ಇರಬೇಕು. ಇವತ್ತು ತುಂಬಿದ್ದು ನಾಳೆ ಕಡಿಮೆ ಕಂಡರೆ ಎಲ್ಲೋ ದಾರಿ ಮಾಡಿಕೊಂಡು ಹೋಗಿದೆ ಅಂತಲೇ ಅರ್ಥ. ಹಾಗಿದ್ದೂ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ: 'ಹಳೇ ಗಾಡಿ ಅಲ್ರೀ, ದಿನಾ ಒಂದೆರಡ್ ಲೀಟರ್ ನೀರ್ ತಗೋತದ. ಹಾಕ್ಕೋತ ಹೊಂಟ್ರ ಏನೂ ಆಗಲ್ಲ.'

ಹೋದ ವರ್ಷ ಏಪ್ರಿಲ್‌ನಲ್ಲಿ ಆಳಂದ ಕಡೆಯ ಒಬ್ಬ ಹುಡುಗ ಬಂದಿದ್ದ. ತೊಗರಿ ದುಡ್ಡಲ್ಲಿ ತಗೊಂಡ ಗಾಡಿ. ಊರಿನ ತರಕಾರಿ ತುಂಬಿಕೊಂಡು ಬೆಳಗಿನ ಜಾವ ಕಣ್ಣಿ ಮಾರ್ಕೆಟ್‌ಗೆ ಬರುತ್ತಿದ್ದ. ಕ್ಯಾಬಿನ್ ಹಿಂದೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ, 20 ಲೀಟರಿನ ಎರಡು ನೀಲಿ ಕ್ಯಾನ್ ಕಟ್ಟಿಕೊಂಡಿದ್ದ. ಎರಡೂ ತುಂಬ ಹೊಲದ ಬೋರ್ ನೀರು. ದಾರೀಲಿ ಎಲ್ಲೇ ಹೀಟ್ ಆದರೂ ತೊಂದರೆ ಇಲ್ಲ ಅಂತ ಬಹಳ ಹೆಮ್ಮೆಯಿಂದ ತೋರಿಸಿದ. ಜೊತೆಗೆ ಅವನ ತಾಯಿ ಬಂದಿದ್ದರು. ಗಾಡಿಗೆ ದುಡ್ಡು ಕೊಟ್ಟವರು ಅವರೇ. ನಾನು ಬಾನೆಟ್ ಎತ್ತುವುದರೊಳಗೆ ಆ ತಾಯಿ ಕೇಳಿದರು: 'ದಿನಾ ಹಾಕ್ತಾನ್ರೀ. ಹಾಕಿದ್ ನೀರ್ ಎಲ್ಲಿ ಹೋಗ್ತದ?'

ಮೂರು ತಿಂಗಳಲ್ಲಿ ಆ ಗಾಡಿಯನ್ನು ಮೂರು ಕಡೆ ತೋರಿಸಿದ್ದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ನೀರು ಹೋಗುವುದಕ್ಕೆ ದಾರಿ ಬಹಳ ಇಲ್ಲ. ಹೊರಗೆ ಸೋರುತ್ತಿದ್ದರೆ ಹೋಸ್ ಪೈಪಿನ ಕ್ಲಿಪ್ ಹತ್ತಿರ, ವಾಟರ್ ಪಂಪಿನ ಕೆಳಗೆ, ರೇಡಿಯೇಟರ್ ಅಂಚಿನಲ್ಲಿ ಬಿಳಿ ಕಲೆ ಇಲ್ಲವೇ ತುಕ್ಕಿನ ಕಲೆ ಕಾಣುತ್ತದೆ. ಕ್ಯಾಪ್ ಕೆಟ್ಟಿದ್ದರೆ ಕುದ್ದು ಉಕ್ಕಿ ಹೋಗುತ್ತದೆ. ಒಳಗೇ ಸೋರುತ್ತಿದ್ದರೆ, ಅಂದರೆ ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಹೋಗಿದ್ದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗಿ ನೀರನ್ನು ಹೊರಗೆ ತಳ್ಳುತ್ತದೆ. ಇಲ್ಲವೇ ನೀರೇ ಸಿಲಿಂಡರಿಗೆ ಇಳಿದು ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ, ಇಲ್ಲವೇ ಆಯಿಲ್‌ಗೆ ಸೇರಿ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಮೇಲೆ ಹಾಲು ಬೆರೆಸಿದ ಚಹಾದ ಬಣ್ಣ ಬರುತ್ತದೆ.

ಕ್ಯಾಪ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದನ್ನು ಬರೀ ಮುಚ್ಚಳ ಅಂದುಕೊಂಡವರೇ ಜಾಸ್ತಿ. ಮನೆಯ ಕುಕ್ಕರ್ ನೋಡಿ. ಒತ್ತಡ ಇರುವುದರಿಂದ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಹೋಗುತ್ತದೆ. ರೇಡಿಯೇಟರ್ ಕ್ಯಾಪ್ ಮಾಡುವ ಕೆಲಸವೂ ಅದೇ. ಬಹಳಷ್ಟು ಗಾಡಿಗಳ ಕ್ಯಾಪ್ ಮೇಲೆ 0.9 ಅಂತ ಬರೆದಿರುತ್ತದೆ, ಕುಕ್ಕರ್ ಒತ್ತಡಕ್ಕೆ ಹೆಚ್ಚು ಕಡಿಮೆ ಸಮ. ಅದರ ರಬ್ಬರ್ ಒಣಗಿ ಬಿರುಕು ಬಿಟ್ಟರೆ ಒತ್ತಡ ನಿಲ್ಲುವುದಿಲ್ಲ. ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ, ಕುದ್ದು ಹೊರಗೆ ಹೋಗುತ್ತದೆ. ಕ್ಯಾಪಿನ ನಡುವೆ ಇನ್ನೊಂದು ಚಿಕ್ಕ ವಾಲ್ವ್ ಇದೆ. ಎಂಜಿನ್ ತಣ್ಣಗಾದಾಗ ಪಕ್ಕದ ಬಾಟಲಿಯಿಂದ ನೀರನ್ನು ಮತ್ತೆ ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ಕೆಲವು ನೂರು ರೂಪಾಯಿಯ ಸಾಮಾನು ಇದು. ಇದನ್ನು ಬಿಟ್ಟು ಹೊಸ ರೇಡಿಯೇಟರ್ ಹಾಕಿಸಿಕೊಂಡು ಬಂದವರನ್ನು ಕಂಡಿದ್ದೇನೆ. ನೋಡಿದರೆ ಸಂಕಟವಾಗುತ್ತದೆ.

ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ. ಒತ್ತಡ ಇಳಿದ ಕೂಡಲೇ 110 ಡಿಗ್ರಿಯ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನ ಮುಂಗೈ ಮೇಲೆ ಆ ಕಲೆ ಈಗಲೂ ಇದೆ. ಇನ್ನೂ ಮದುವೆಯಾಗದ ಹುಡುಗ. ಆ ದಿನ ಅವನ ಅವ್ವನಿಗೆ ಫೋನ್ ಮಾಡಿ ಹೇಳುವಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಬಾಡಿಗೆ ಹೋದರೆ ಹೋಗಲಿ.

ಈಗ ಬೋರ್ ನೀರಿನ ವಿಷಯ. ನಮ್ಮ ನೆಲದಲ್ಲಿ ಏನಿದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸುತ್ತೇವೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಸುಣ್ಣದ ಕಲ್ಲಿನ ಮೇಲೆ. ಆ ಕಲ್ಲಿನ ನಡುವೆ ಇಳಿದು ಬಂದ ನೀರು ಸುಣ್ಣ ಕರಗಿಸಿಕೊಂಡೇ ಬರುತ್ತದೆ. ಕಾಯಿಸಿದರೆ ಸುಣ್ಣ ಬೇರೆಯಾಗಿ ಪಾತ್ರೆಗೆ ಅಂಟುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ನೋಡಿದ್ದೀರಿ ಅಲ್ವಾ? ಅದೇ ಬಿಳಿ ಪದರ ಎಂಜಿನ್ ಒಳಗೂ ಕೂರುತ್ತದೆ.

ಸಾರಿ ಸಾರಿ ಹೇಳಿದರೂ ತಲೆಗೆ ಹೋಗದ ಲೆಕ್ಕ ಇಲ್ಲಿದೆ. ಒಂದು ಸಲ ತುಂಬಿದ ಗಡಸು ನೀರು ತನ್ನಲ್ಲಿದ್ದಷ್ಟು ಸುಣ್ಣ ಬಿಟ್ಟು ಸುಮ್ಮನಾಗುತ್ತದೆ. ದಿನಾ ಹಾಕುವ ನೀರು ದಿನಾ ಹೊಸ ಸುಣ್ಣ ತರುತ್ತದೆ. ಕುಡಿಯುವ ನೀರಿಗೆ ಐಎಸ್ 10500 ಅನ್ನುವ ಸರ್ಕಾರಿ ಮಾನದಂಡ ಇದೆ. ಅದರಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದ ಕಡೆ 600ರವರೆಗೂ ನಡೆಯುತ್ತದೆ. ನಿಮ್ಮ ಬೋರ್ ನೀರು 500 ಇದೆ ಅಂದುಕೊಳ್ಳಿ. ಅಂದರೆ ಕುಡಿಯಲಿಕ್ಕೂ ನಡೆಯುವ ನೀರು. ದಿನಕ್ಕೆ ಎರಡು ಲೀಟರ್ ಹಾಕಿದರೆ ನೂರು ದಿನಕ್ಕೆ 200 ಲೀಟರ್. ಅದರಲ್ಲಿ ಸುಣ್ಣದ ಅಂಶ 100 ಗ್ರಾಂ. ಎಲ್ಲವೂ ಒಳಗೇ ಅಂಟುವುದಿಲ್ಲ, ಸೋರುವ ನೀರಿನ ಜೊತೆ ಸ್ವಲ್ಪ ಹೊರಗೂ ಹೋಗುತ್ತದೆ. ಆದರೂ ಒಂದು ಹಿಡಿ ಸುಣ್ಣವನ್ನು ರೇಡಿಯೇಟರಿನ ಆ ಸಣ್ಣ ಸಣ್ಣ ನಳಿಗೆಗಳ ದಾರಿಯಲ್ಲಿ ಕಳಿಸಿದ ಹಾಗಾಯಿತು. ನಳಿಗೆ ಕಟ್ಟಿದಂತೆ ಹೀಟ್ ಜಾಸ್ತಿ. ಹೀಟ್ ಆದಂತೆ ನೀರು ಜಾಸ್ತಿ ಹೋಗುತ್ತದೆ. ನೀರು ಹೋದಂತೆ ಮತ್ತೆ ಬೋರ್ ನೀರು. ಹೀಟ್ ಆಗಬಾರದು ಅಂತ ಹಾಕಿದ ನೀರೇ ಹೀಟ್ ಮಾಡುತ್ತಿರುತ್ತದೆ.

ಬರೀ ನೀರಿನ ಬದಲು ಕೂಲಂಟ್ ಹಾಕಿ ಅಂದರೆ, ಅದು ಹಿಮ ಬೀಳುವ ಊರಿಗೆ, ನಮಗ್ಯಾಕೆ ಅನ್ನುತ್ತಾರೆ. ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದರ ಒಂದು ಕೆಲಸ ಮಾತ್ರ. ತುಕ್ಕು ತಡೆಯುವುದು, ಕುದಿಯುವ ಬಿಂದುವನ್ನು ಇನ್ನಷ್ಟು ಮೇಲೆ ಏರಿಸುವುದು ಕೂಡ ಅದರದೇ ಕೆಲಸ. ಡೀಸೆಲ್ ಎಂಜಿನ್‌ಗೆ ಇನ್ನೊಂದು ಲಾಭ ಇದೆ. ವೆಟ್ ಲೈನರ್, ಅಂದರೆ ಹೊರಮೈಗೆ ನೀರು ನೇರ ತಾಗುವ ಸಿಲಿಂಡರ್ ಕೊಳವೆ ಇರುವ ಎಂಜಿನ್‌ನಲ್ಲಿ, ಲೈನರ್ ಪಿಸ್ಟನ್ ಹೊಡೆತಕ್ಕೆ ಅದುರುತ್ತದೆ. ಆ ಅದುರಿಗೆ ನೀರಿನಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ, ಒಡೆಯುವ ಜಾಗದಲ್ಲಿ ಲೋಹ ಕಿತ್ತು ಬರುತ್ತದೆ. ಹಾಗೆ ತೂತು ಬಿದ್ದ ಲೈನರ್ ಒಂದನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದೇನೆ. ಗೆದ್ದಲು ತಿಂದ ಬಾಗಿಲಿನ ಹಾಗಿದೆ. ಕೂಲಂಟ್‌ನ ರಾಸಾಯನಿಕಗಳು ಇದನ್ನು ತಡೆಯುತ್ತವೆ, ಬರೀ ನೀರಿನಿಂದ ಆಗುವುದಿಲ್ಲ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಸಾಮಾನ್ಯ ಅಳತೆ. ಡಬ್ಬಿಯ ಮೇಲೆ 'ರೆಡಿ ಮಿಕ್ಸ್' ಅಂತ ಇದ್ದರೆ ಮತ್ತೆ ನೀರು ಬೆರೆಸಬೇಡಿ. ಬಣ್ಣ ನೋಡಿ ಒಂದೇ ಜಾತಿ ಅಂದುಕೊಳ್ಳಬೇಡಿ. ಹಸಿರೆಲ್ಲ ಒಂದೇ ಅಲ್ಲ, ಕೆಂಪೆಲ್ಲ ಒಂದೇ ಅಲ್ಲ. ನಿಮ್ಮ ಎಂಜಿನ್‌ಗೆ ಕಂಪನಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಿಸಿ.

ಆಳಂದ ಕಡೆಯ ಹುಡುಗನ ಗಾಡಿಗೆ ಬರುತ್ತೇನೆ. ರೇಡಿಯೇಟರ್ ಕೆಳಗಿನ ಹೋಸ್ ಬಿಚ್ಚಿದೆ. ಹಳದಿ ರಾಡಿ ಬಂತು. ಬೆರಳಿನಲ್ಲಿ ತಿಕ್ಕಿ ಮೂಗಿಗೆ ಹಿಡಿದರೆ ಅರಿಶಿನ. ಮಾರಿದವರು ಸೋರಿಕೆ ಮುಚ್ಚಲಿಕ್ಕೆ ಅಡುಗೆಮನೆಯ ಅರಿಶಿನ ಪುಡಿ ಹಾಕಿ, ಅದು ನಿಂತಿರುವಾಗಲೇ ಗಾಡಿ ದಾಟಿಸಿದ್ದರು. ನಡುದಾರಿಯಲ್ಲಿ ಸಿಕ್ಕಿಕೊಂಡಾಗ ಊರು ಮುಟ್ಟಲಿಕ್ಕೆ ಅರಿಶಿನ ಹಾಕಿದರೆ ನಾನು ಬೈಯುವುದಿಲ್ಲ. ಮಾರಲಿಕ್ಕೆ ಹಾಕುವುದು ಬೇರೆ. ಈ ಹುಡುಗನ ಬೆನ್ನ ಹಿಂದೆ ಮನೆಯವರ ಒಂದು ವರ್ಷದ ದುಡಿಮೆ ಇತ್ತು.

ಆಮೇಲೆ ಥರ್ಮೋಸ್ಟಾಟ್ ನೋಡಿದೆ. ಆ ಜಾಗ ಖಾಲಿ. 'ಮೇಸ್ತ್ರಿ ತೆಗೆದ್ರು, ಬಿಸಿಲೂರಿಗೆ ಬ್ಯಾಡ ಅಂದ್ರು' ಅಂದ. ಇದೂ ನಮ್ಮ ಊರಿನ ದೊಡ್ಡ ನಂಬಿಕೆ. ನಮ್ಮ ಕಸುಬಿನವರೇ ಹಬ್ಬಿಸಿದ್ದು, ಅದಕ್ಕೆ ನನಗೆ ಜಾಸ್ತಿ ಬೇಜಾರು. ಎಂಜಿನ್ ಹದಕ್ಕೆ ಬರುವವರೆಗೆ ರೇಡಿಯೇಟರಿನ ದಾರಿ ಮುಚ್ಚಿ, ಸುಮಾರು 80-85 ಡಿಗ್ರಿಗೆ ತೆರೆಯುವ ಬಾಗಿಲು ಅದು. ಬಹಳ ಎಂಜಿನ್‌ಗಳಲ್ಲಿ ಆ ಬಾಗಿಲು ತೆರೆದಾಗ ಪಕ್ಕದ ಅಡ್ಡದಾರಿ ಮುಚ್ಚಿಕೊಳ್ಳುತ್ತದೆ. ತೆಗೆದುಹಾಕಿದರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಮುಟ್ಟದೆ ಹಾಗೇ ಎಂಜಿನ್‌ಗೆ ವಾಪಸ್. ಚಳಿಯಲ್ಲಿ ಎಂಜಿನ್ ಕಾಯುವುದಿಲ್ಲ, ಡೀಸೆಲ್ ಜಾಸ್ತಿ ತಿನ್ನುತ್ತದೆ, ಬೇಗ ಸವೆಯುತ್ತದೆ. ಮೇ ತಿಂಗಳ 42-43 ಡಿಗ್ರಿಯಲ್ಲಿ ಲೋಡ್ ಹಾಕಿದಾಗ ಮೊದಲಿಗಿಂತ ಜಾಸ್ತಿ ಕಾಯಲೂಬಹುದು.

ಅನುಮಾನ ಇದ್ದವರಿಗೆ ನಾನು ಅಲ್ಲೇ ತೋರಿಸುತ್ತೇನೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಂತಿಗೆ ಕಟ್ಟಿ ಇಳಿಬಿಟ್ಟು ಸ್ಟವ್ ಹಚ್ಚುತ್ತೇನೆ. ಪಕ್ಕದಲ್ಲಿ ಥರ್ಮಾಮೀಟರ್. ನೀರು ಕಾಯುತ್ತಾ ಬಂದ ಹಾಗೆ ಹಿತ್ತಾಳೆಯ ಬಿಲ್ಲೆ ಕೂದಲೆಳೆಯಷ್ಟು ಬಿಡುತ್ತದೆ, ಆಮೇಲೆ ನಿಧಾನವಾಗಿ ಪೂರ್ತಿ ಎದ್ದು ನಿಲ್ಲುತ್ತದೆ. ಇಳಿಸಿ ಆರಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ತಾಯಿ ಪಾತ್ರೆಯ ಮೇಲೆ ಬಗ್ಗಿ ಪೂರ್ತಿ ನೋಡಿದರು. ಮಗನನ್ನೂ ಕರೆದು ತೋರಿಸಿದರು.

ಹೆಡ್ ಬಿಚ್ಚಿದಾಗ ಎರಡು, ಮೂರನೇ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಸುಟ್ಟು ಕರಿ ಗೆರೆ ಬಿದ್ದಿತ್ತು. ಹೆಡ್ ಮೇಲೆ ನೇರ ಪಟ್ಟಿ (ಸ್ಟ್ರೇಟ್ ಎಡ್ಜ್) ಇಟ್ಟು ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ತೂರಿಸಿದರೆ ನಡುವೆ ಸಲೀಸಾಗಿ ಹೋಗುತ್ತಿತ್ತು. ಬಾಗಿದೆ ಅಂತ ಅರ್ಥ. ಮೇಲ್ಮೈ ತೀಡಿಸಿ ಮಟ್ಟ ಮಾಡಿಸಿ (ಫೇಸಿಂಗ್) ಉಳಿಸಿಕೊಂಡೆವು. ಎಲ್ಲಾ ಹೆಡ್ ಹಾಗೆ ಉಳಿಯುವುದಿಲ್ಲ. ಬಿರುಕು ಬಿಟ್ಟಿದೆಯಾ ಅಂತ ಪ್ರೆಶರ್ ಟೆಸ್ಟ್ ಮಾಡಿಸದೆ ನಾನು ಮಾತು ಕೊಡುವುದಿಲ್ಲ. ಹಾಗೆಯೇ ಹಳೇ ರೇಡಿಯೇಟರ್ ತೊಳೆದಾಗ ತುಕ್ಕಿನಿಂದ ಮುಚ್ಚಿಕೊಂಡಿದ್ದ ತೂತುಗಳು ತೆರೆದುಕೊಳ್ಳಬಹುದು. ತೊಳೆಯುವ ಮೊದಲೇ ಇದನ್ನು ಹೇಳಿರುತ್ತೇನೆ. ಬಾತ್‌ರೂಮ್ ಆಸಿಡ್ ಸುರಿದು ನೀವೇ ತೊಳೆಯಲಿಕ್ಕೆ ಹೋಗಬೇಡಿ, ಅಲ್ಯುಮಿನಿಯಂ ತಿಂದು ಹಾಕುತ್ತದೆ.

ಆ ಹುಡುಗ ಒಂದು ಮಾತು ಕೇಳಿದ. ಎಂಜಿನ್ ಹೀಟ್ ಆಗಿ ನಿಲ್ಲುವ ಸ್ವಲ್ಪ ಮುಂಚೆ ಹೀಟ್ ಮುಳ್ಳು ಕೆಳಗಿಳಿದಿತ್ತು, ಆರಿತು ಅಂದುಕೊಂಡು ಓಡಿಸಿದೆ, ಹಾಗ್ಯಾಕೆ? ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಹೇಳುತ್ತದೆ. ನೀರೇ ಇಲ್ಲದಿದ್ದರೆ ಅದಕ್ಕೆ ಗೊತ್ತಾಗುವುದು ಗಾಳಿ ಮಾತ್ರ. ಮೇಲೇರಿದ್ದ ಮುಳ್ಳು ಲೋಡ್ ಇರುವಾಗಲೇ ತಾನಾಗಿ ಇಳಿದರೆ ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಬಿಸಿ ಹೆಡ್ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಒಂದು ವಾರ ಗಾಡಿ ಇತ್ತು. ಹೋಗುವಾಗ ಬಾಟಲಿಯ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿ ಕೊಟ್ಟೆ. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡು, ಗೆರೆಗಿಂತ ಇಳಿದರೆ ಸುರಿಯಬೇಡ, ನನಗೆ ಫೋನ್ ಮಾಡು ಅಂದೆ. ಅವನು ಮಾಡಲಿಲ್ಲ, ಅವನ ತಾಯಿ ಹದಿನೈದು ದಿನ ಬಿಟ್ಟು ಮಾಡಿದರು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿದ್ದಾರಂತೆ. ಗೆರೆ ಇದ್ದಲ್ಲೇ ಇದೆ. ನೀಲಿ ಕ್ಯಾನ್ ಎರಡೂ ಈಗ ಎಮ್ಮೆ ಕೊಟ್ಟಿಗೆಯಲ್ಲಿವೆ.

ಈ ಜನವರಿಯಲ್ಲಿ ಗಾಡಿ ತಗೊಂಡವರಿಗೆ ಒಂದು ವಿನಂತಿ. ತೋರಿಸಲಿಕ್ಕೆ ಬರುವಾಗ ಮಧ್ಯಾಹ್ನ ಓಡಿಸಿಕೊಂಡು ಬಂದು, ಕ್ಯಾಪ್ ತೆಗೆಯಿರಿ ಅನ್ನಬೇಡಿ. ಹಿಂದಿನ ರಾತ್ರಿಯೇ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಹೋಗಿ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು, ಬಾಯಿಮಟ್ಟ ತುಂಬಿಸಿ, ಸ್ಟಾರ್ಟ್ ಮಾಡಿ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗಿ ಗುಳ್ಳೆ ಏಳುತ್ತದೆಯಾ ಅಂತ ಇಬ್ಬರೂ ಒಟ್ಟಿಗೆ ನೋಡೋಣ. ಏಳು ಗಂಟೆಗೆ ನಾನು ಬಂದಿರುತ್ತೇನೆ.